ಕೆರೆಯಂಗಳದ ಜೇಡಿನೆಲ: ಬಾಗಲಗುಂಟೆಯ ಹೆಸರಿನಿಂದ ಹೊರಟ ಒಂದು ವಿವೇಚನೆ

೧. ಹೆಸರು

ಗ್ರಾಮನಾಮಗಳು ಚರಿತ್ರೆಯ ಆಕರಗಳಲ್ಲಿ ಒಂದು ವಿಶಿಷ್ಟವಾದ ಬಗೆ. ಶಾಸನವು ದಾನಿಯ ಇಚ್ಛೆಯಿಂದ ಹುಟ್ಟುತ್ತದೆ. ಆದುದರಿಂದ ಅದರಲ್ಲಿ ಹೊಗಳಿಕೆಯೂ ಅತಿಶಯೋಕ್ತಿಯೂ ಬೆರೆತಿರುವುದು ಸಹಜ. ಗ್ರಾಮನಾಮವಾದರೋ ನೆಲದ ಮೇಲೆ ಬಾಳಿದವರು ಆ ನೆಲವನ್ನು ಕಂಡಂತೆ ಇಟ್ಟುದು. ಅದರಲ್ಲಿ ಯಾರನ್ನೂ ಮೆಚ್ಚಿಸುವ ಉದ್ದೇಶವಿರುವುದು ವಿರಳ. ಈ ಕಾರಣದಿಂದ ಊರ ಹೆಸರು ನೆಲದ ಗುಣವನ್ನು ಹೇಳುವಾಗ ಅದನ್ನು ಸಾಕ್ಷ್ಯವೆಂದು ಕೈಗೊಳ್ಳಬಹುದೆಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನ ವಾಯವ್ಯದಲ್ಲಿ, ತುಮಕೂರು ರಸ್ತೆಯ ಬಲಕ್ಕೆ, ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಸಮೀಪದಲ್ಲಿರುವ ಬಾಗಲಗುಂಟೆಯ ಹೆಸರನ್ನು ಈ ದೃಷ್ಟಿಯಿಂದ ನೋಡಬಹುದು. ಇದರ ಉತ್ತರಪದ 'ಕುಂಟೆ'. ಸಂಧಿಯಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ 'ಗುಂಟೆ' ಆಗಿದೆ. ಪಕ್ಕದ ಅಬ್ಬಿಗೆರೆಯಲ್ಲಿ 'ಕೆರೆ'ಯು 'ಗೆರೆ'ಯಾಗಿರುವುದೂ ಇದೇ ಕ್ರಮದಿಂದ. ಕುಂಟೆಯೆಂದರೆ ಕೆರೆಗಿಂತ ಕಿರಿದಾದ ನೀರಿನ ತಾಣ. ದನಕರುಗಳಿಗೆ ಕುಡಿಯಲೂ ಬಟ್ಟೆ ಒಗೆಯಲೂ ಒದಗುವಂಥ ತಗ್ಗು. ಇಂದು ಅಲ್ಲಿ ನಿವೇಶನವನ್ನು ಕೊಳ್ಳುವವರಿಗೆ ಗುಂಟೆಯೆಂದರೆ ಎಕರೆಯ ನಾಲ್ವತ್ತನೆಯ ಒಂದು ಪಾಲು. ಒಂದೇ ಧ್ವನಿಯ ಈ ಎರಡು ಶಬ್ದಗಳ ನಡುವೆ ಆ ಊರಿನ ಚರಿತ್ರೆಯೆಲ್ಲವೂ ಅಡಗಿದೆಯೆಂದರೆ ತಪ್ಪಾಗಲಾರದು.

ಸುತ್ತಲಿನ ಹೆಸರುಗಳನ್ನೂ ಒಟ್ಟಿಗೆ ನೋಡತಕ್ಕದ್ದು. ನಾಗಸಂದ್ರ, ಮಲ್ಲಸಂದ್ರ, ಚೊಕ್ಕಸಂದ್ರ ಎಂಬ ಮೂರು ಊರುಗಳು ಹತ್ತಿರದಲ್ಲಿಯೇ ಇವೆ. 'ಸಂದ್ರ'ವು 'ಸಮುದ್ರ'ದ ಸವೆದ ರೂಪವೆಂದು ಸಾಮಾನ್ಯವಾಗಿ ಅಂಗೀಕೃತವಾಗಿದೆ. ದೊಡ್ಡ ಕೆರೆಗೆ ಸಮುದ್ರವೆಂದು ಹೆಸರಿಡುವ ಪದ್ಧತಿ ಶಾಸನಗಳಲ್ಲಿ ಹೇರಳವಾಗಿ ಕಾಣುತ್ತದೆ. ಸಮುದ್ರ, ಕೆರೆ, ಕುಂಟೆ - ಹೀಗೆ ಕೆಲವೇ ಮೈಲಿಗಳ ಒಳಗೆ ನೀರಿನ ಮೂರು ಅಂತಸ್ತುಗಳೂ ಊರುಗಳ ಹೆಸರಾಗಿ ನಿಂತಿವೆ. ನೀರು ನಿಂತ ಕಡೆ ಒಂದು ವಿಶೇಷವಾದ ಮಣ್ಣು ಹುಟ್ಟುತ್ತದೆ. ನೀರು ಹೋದರೂ ಆ ಮಣ್ಣು ಹೋಗುವುದಿಲ್ಲ. ಆ ಮಣ್ಣಿನ ಸ್ವಭಾವವೇನು, ಅದು ಹೇಗೆ ಆಯಿತು, ಅದನ್ನು ಹಿಂದಿನವರು ಹೇಗೆ ಅರಿತಿದ್ದರು, ಇಂದು ಅದರಿಂದ ಏನು ಪರಿಣಾಮವಾಗುತ್ತಿದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

೨. ಹಿಮದ ಏರಿ, ಮಣ್ಣಿನ ಏರಿ

ಜಗತ್ತಿನಲ್ಲಿ ನೀರು ಬಸಿಯದ ಜೇಡಿನೆಲದ ಪ್ರಸಿದ್ಧವಾದ ಉದಾಹರಣೆಗಳು ಹಿಮಯುಗದ ಸರೋವರಗಳ ತಳಗಳು. ಉತ್ತರ ಅಮೆರಿಕದಲ್ಲಿ, ಇಂದಿನ ಮ್ಯಾನಿಟೋಬ, ಉತ್ತರ ಡಕೋಟ, ಮಿನೆಸೋಟ ಪ್ರಾಂತಗಳ ಮೇಲೆ, ಹಿಮಯುಗದ ಕೊನೆಯಲ್ಲಿ ಅಗಾಸಿಯೆಂಬ ಹೆಸರಿನ ಮಹಾಸರೋವರವಿತ್ತು. ಅಲ್ಲಿಯ ನೀರು ಸ್ವಭಾವತಃ ಉತ್ತರಕ್ಕೆ ಹರಿಯತಕ್ಕದ್ದು. ಆದರೆ ಉತ್ತರದಲ್ಲಿ ಹಿಮದ ಗೋಡೆ ಅಡ್ಡಲಾಗಿ ನಿಂತಿತ್ತು. ನಮ್ಮ ನಾಡಿನ ಮಾತಿನಲ್ಲಿ ಹೇಳುವುದಾದರೆ, ಹಿಮವೇ ಆ ಕೆರೆಯ ಏರಿ. ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಹಿಮ ಕರಗಿ ಏರಿಯೊಡೆಯಿತು, ನೀರು ಹೊರಟುಹೋಯಿತು. ಸಾವಿರಾರು ವರ್ಷ ತಳದಲ್ಲಿ ಶೇಖರವಾದ ನುಣುಪು ಜೇಡಿ ಮಾತ್ರ ಉಳಿಯಿತು. ಇಂದಿನ ರೆಡ್ ನದಿಯ ಕಣಿವೆ ಆ ಕೆರೆಯ ಅಂಗಳ. ಅಲ್ಲಿ ನೆಲದ ಇಳಿಜಾರು ಮೈಲಿಗೆ ಒಂದು ಅಡಿಗೂ ಕಡಿಮೆ. ೧೯೫೦ರಲ್ಲಿ ವಿನ್ನಿಪೆಗ್ ನಗರವು ಮುಳುಗಿತು; ಆ ಮೇಲೆ ೧೯೬೨ರಿಂದ ೧೯೬೮ರ ವರೆಗೆ ನಗರವನ್ನು ಬಳಸಿ ಹೋಗುವ ದೊಡ್ಡ ಕಾಲುವೆಯನ್ನು ತೋಡಿದರು. ೧೯೯೭ರ ಪ್ರವಾಹದಲ್ಲಿ ನಗರದ ಬಹುಭಾಗ ಉಳಿದುದು ಆ ಕಾಲುವೆಯಿಂದ.

ಅದೇ ಜೇಡಿಯ ಮೇಲೆ ವಿನ್ನಿಪೆಗ್ ಸಮೀಪದ ಟ್ರಾನ್ಸ್‌ಕೋನದಲ್ಲಿ ಕಟ್ಟಿದ್ದ ಧಾನ್ಯದ ಮಹಾಕಣಜವೊಂದು ೧೯೧೩ರ ಅಕ್ಟೋಬರಿನಲ್ಲಿ, ಮೊದಲ ಸಲ ಧಾನ್ಯ ತುಂಬುತ್ತಿದ್ದಾಗಲೇ, ಒಂದು ಪಕ್ಕಕ್ಕೆ ಕುಸಿದು ಸುಮಾರು ೨೭ ಡಿಗ್ರಿಯಷ್ಟು ವಾಲಿತು. ಕಟ್ಟಡ ಮುರಿಯಲಿಲ್ಲ, ನೆಲವೇ ಜಾರಿತು. ಈ ಸಂಗತಿಯನ್ನು ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳುತ್ತಾರೆ.

ಕರ್ನಾಟಕದಲ್ಲಿ ಇಂಥ ಹಿಮಸರೋವರಗಳು ಇರಲಿಲ್ಲ. ಭಾರತದಲ್ಲಿ ಪುರಾತನ ಹಿಮದ ಗುರುತುಗಳು ಒಡಿಶಾದ ತಾಲ್ಚೇರ್ ಮೊದಲಾದೆಡೆಗಳಲ್ಲಿ ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದಿನ ಶಿಲೆಗಳಲ್ಲಿವೆ. ಅವು ನಮ್ಮ ಮಣ್ಣಿಗೆ ಸಂಬಂಧಿಸಿದವಲ್ಲ. ಬೆಂಗಳೂರಿನ ತಳಪಾಯ ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಈ ದಿಣ್ಣೆಯ ಮೇಲೆ ಪ್ರಕೃತಿಯು ದೊಡ್ಡ ಸರೋವರವನ್ನೇನೂ ಕೊಟ್ಟಿರಲಿಲ್ಲ. ಪಶ್ಚಿಮದ ನೀರು ಅರ್ಕಾವತಿಗೂ ಪೂರ್ವದ ನೀರು ದಕ್ಷಿಣ ಪಿನಾಕಿನಿಗೂ ಇಳಿದುಹೋಗುತ್ತಿತ್ತು. ಇಲ್ಲಿ ನೀರನ್ನು ನಿಲ್ಲಿಸಿದವರು ಮನುಷ್ಯರು. ಅಲ್ಲಿ ಹಿಮವು ಮಾಡಿದ ಕೆಲಸವನ್ನು ಇಲ್ಲಿ ಗೌಡರೂ ಒಡ್ಡರೂ ಎತ್ತುಗಳೂ ಮಾಡಿದರು. ಅಲ್ಲಿ ಸಾವಿರಾರು ವರ್ಷಗಳಲ್ಲಿ ಆದುದು ಇಲ್ಲಿ ಕೆಲವು ನೂರು ವರ್ಷಗಳಲ್ಲಿ, ಸಣ್ಣ ಪ್ರಮಾಣದಲ್ಲಿ ಆಯಿತು. ಫಲ ಮಾತ್ರ ಒಂದೇ ಜಾತಿಯದು. ನೀರು ನಿಂತಿತು, ಹೂಳು ಕೂತಿತು, ಜೇಡಿ ಬೆಳೆಯಿತು.

೩. ಮಣ್ಣು ಆಗುವ ಬಗೆ

ಬೆಂಗಳೂರಿನ ಎತ್ತರದ ಹೊಲಗಳ ಮಣ್ಣು ಕೆಂಪು. ಶಿಲೆಯು ಮಳೆ ಬಿಸಿಲುಗಳಿಗೆ ಕೊಳೆತು ಪುಡಿಯಾದಾಗ ಅದರಲ್ಲಿಯ ಕಬ್ಬಿಣವು ಗಾಳಿಯ ಸಂಪರ್ಕದಿಂದ ತುಕ್ಕಾಗಿ ಮಣ್ಣಿಗೆ ಕೆಂಪು ಬಣ್ಣವನ್ನು ಕೊಡುತ್ತದೆ. ಈ ಮಣ್ಣಿನಲ್ಲಿ ಮರಳೂ ಜೇಡಿಯೂ ಬೆರೆತಿರುತ್ತವೆ. ನೀರು ಬೇಗ ಇಂಗುತ್ತದೆ. ರಾಗಿಗೆ ಇದು ಒಪ್ಪುತ್ತದೆ. ಮಳೆಯ ನೀರು ಇಳಿಜಾರಿನಲ್ಲಿ ಹರಿಯುವಾಗ ಈ ಮಣ್ಣನ್ನು ಕೊರೆದು ತಗ್ಗಿಗೆ ಒಯ್ಯುತ್ತದೆ. ಏರಿಯ ಹಿಂದೆ ನೀರು ನಿಂತೊಡನೆ ಹೊತ್ತ ಮಣ್ಣನ್ನು ಕೆಳಗಿಳಿಸತೊಡಗುತ್ತದೆ. ಆದರೆ ಎಲ್ಲವನ್ನೂ ಒಂದೇ ಕಡೆ ಇಳಿಸುವುದಿಲ್ಲ. ಇದೇ ಗಮನಿಸಬೇಕಾದ ಸಂಗತಿ.

ನಿಂತ ನೀರಿನಲ್ಲಿ ಕಣವು ಮುಳುಗುವ ವೇಗ ಅದರ ಗಾತ್ರದ ವರ್ಗವನ್ನು ಅನುಸರಿಸುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪದ ಮರಳಿನ ಕಣವು ಒಂದು ಮೀಟರು ಆಳಕ್ಕೆ ಮುಳುಗಲು ಸುಮಾರು ಎರಡು ನಿಮಿಷ ಸಾಕು. ಮಿಲಿಮೀಟರಿನ ಐನೂರನೆಯ ಒಂದು ಪಾಲಿನಷ್ಟಿರುವ ಜೇಡಿಯ ಕಣಕ್ಕೆ ಅಷ್ಟೇ ಆಳಕ್ಕೆ ಸುಮಾರು ಮೂರು ದಿನ ಬೇಕು. ಆದುದರಿಂದ ಕಾಲುವೆಯು ಕೆರೆಗೆ ಬಂದು ಸೇರುವ ಬಾಯಲ್ಲಿ ಮರಳು ನಿಲ್ಲುತ್ತದೆ. ನಡುವೆ ನುಣುಪು ಗೋಡು. ಏರಿಯ ಬುಡದಲ್ಲಿ, ಆಳವಾದ ನಿಶ್ಚಲವಾದ ಜಾಗದಲ್ಲಿ, ಶುದ್ಧವಾದ ಜೇಡಿ. ಒಂದೇ ಕೆರೆಯ ಅಂಗಳದಲ್ಲಿ ಮೂರು ಬಗೆಯ ನೆಲವಿರುವುದು ಈ ಕಾರಣದಿಂದ.

ಕೆಂಪು ಮಣ್ಣಿನಿಂದ ಬಂದ ಜೇಡಿಯು ಬೂದುಬಣ್ಣಕ್ಕೆ ತಿರುಗುವುದೇಕೆಂಬ ಪ್ರಶ್ನೆ ಏಳಬಹುದು. ನೀರು ತುಂಬಿದ ಮಣ್ಣಿನೊಳಕ್ಕೆ ಗಾಳಿ ಹೋಗದು. ಅಲ್ಲಿಯ ಸೂಕ್ಷ್ಮಜೀವಿಗಳು ಕೊಳೆತ ಎಲೆ ಬೇರುಗಳನ್ನು ಉಣ್ಣುವಾಗ ಗಾಳಿಯಲ್ಲಿಯ ಆಮ್ಲಜನಕ ದೊರೆಯದೆ ಕಬ್ಬಿಣದ ತುಕ್ಕನ್ನೇ ಬಳಸುತ್ತವೆ. ಆಗ ಕಬ್ಬಿಣವು ನೀರಿನಲ್ಲಿ ಕರಗುವ ರೂಪಕ್ಕೆ ಬಂದು ಕೆಂಪು ಅಳಿಸಿಹೋಗುತ್ತದೆ. ಬೂದು, ಕೆಲವೆಡೆ ಹಸಿರು ನೀಲಿ ಛಾಯೆ ಉಳಿಯುತ್ತದೆ. ಬೇಸಗೆಯಲ್ಲಿ ಕೆರೆ ಒಣಗಿ ಬಿರುಕು ಬಿಟ್ಟಾಗ ಬಿರುಕುಗಳಲ್ಲಿಯೂ ಬೇರಿನ ತೂತುಗಳಲ್ಲಿಯೂ ಗಾಳಿ ಹೊಕ್ಕು ಅಲ್ಲಲ್ಲಿ ಮತ್ತೆ ತುಕ್ಕಿನ ಗೆರೆಗಳು ಮೂಡುತ್ತವೆ. ಬೂದಿನ ನಡುವೆ ಕಂದು ಗೆರೆಗಳಿರುವ ಮಣ್ಣು ಎಲ್ಲಿ ಕಂಡರೂ ಅಲ್ಲಿ ನೀರು ತಿಂಗಳುಗಟ್ಟಲೆ ನಿಂತಿತ್ತೆಂದು ತಿಳಿಯಬಹುದು. ಕೆರೆ ಬತ್ತಿ ಎಷ್ಟೋ ವರ್ಷಗಳಾದ ಮೇಲೂ ಈ ಗುರುತು ಬೇಗನೆ ಅಳಿಯುವುದಿಲ್ಲ. ತಗ್ಗಿನ ಬಡಾವಣೆಗಳಲ್ಲಿ ಪಾಯ ತೋಡಿದಾಗ ಮೇಲೆ ಹಳೆಯ ಇಟ್ಟಿಗೆ ಗಾರೆಗಳ ಭರ್ತಿ, ಅದರ ಕೆಳಗೆ ಈ ಬೂದು ಜೇಡಿ, ಅದಕ್ಕೂ ಕೆಳಗೆ ಮರಳು ಅಥವಾ ಕೊಳೆತ ಕಲ್ಲು ಕಾಣುವುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇವೆ.

ಈ ನೆಲದಲ್ಲಿ ನೀರು ಬಸಿಯದಿರಲು ಮೂರು ಕಾರಣಗಳಿವೆ. ಒಂದನೆಯದು, ಜೇಡಿಯ ಕಣಗಳ ನಡುವಣ ಸಂದುಗಳು ಅತಿ ಕಿರಿದು. ತೊಯ್ದ ಜೇಡಿಯು ಗಂಟೆಗೆ ಒಂದು ಮಿಲಿಮೀಟರಿನಷ್ಟು ನೀರನ್ನು ಒಳಗೆ ಬಿಡುವುದೆಂದು ಎಣಿಸಿದರೂ, ನೂರು ಮಿಲಿಮೀಟರಿನ ಒಂದು ದೊಡ್ಡ ಮಳೆ ಇಂಗಲು ನಾಲ್ಕು ದಿನಗಳಿಗಿಂತ ಹೆಚ್ಚು ಬೇಕು. ಎರಡನೆಯದು, ಕೆರೆಯನ್ನು ಕಟ್ಟಿದ್ದೇ ಸುತ್ತಲಿನ ನೀರೆಲ್ಲ ಬಂದು ಸೇರುವ ಕಣಿವೆಯ ಬಾಯಲ್ಲಿ. ಮೂರನೆಯದು, ಏರಿಯು ಆ ಬಾಯನ್ನು ಮುಚ್ಚಿದೆ. ತೂಬೂ ಕೋಡಿಯೂ ತೆರೆದಿದ್ದರೆ ನೀರಿಗೆ ದಾರಿಯುಂಟು. ಅವು ಮುಚ್ಚಿದರೆ ಏರಿಯು ರಸ್ತೆಯಾಗಿ ಮಾರ್ಪಟ್ಟ ಮೇಲೂ ಏರಿಯೇ.

೪. ಪ್ರಾಚೀನರ ಅರಿವು

ಮೇಲೆ ಹೇಳಿದ ವಿಷಯಗಳನ್ನು ನಮ್ಮ ಪೂರ್ವಿಕರು ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳಲಿಲ್ಲ, ಆದರೆ ಅರಿಯದಿರಲಿಲ್ಲ. ವಿಜಯನಗರದ ರಾಜಕುಮಾರ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆಯನ್ನು ಕಟ್ಟಿಸಿ ೧೩೬೯ರಲ್ಲಿ ಹಾಕಿಸಿದ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ವರ್ಜಿಸಬೇಕಾದ ಆರು ದೋಷಗಳನ್ನೂ ಎಣಿಸುತ್ತದೆ. ಸಾಧನಗಳಲ್ಲಿ ಗಟ್ಟಿಯಾದ ಜೇಡಿಯ ನೆಲವೂ ಒಂದು. ದೋಷಗಳಲ್ಲಿ ಏರಿಯಿಂದ ನೀರು ಒಸರುವುದು, ಚೌಳುಭೂಮಿ, ಅಂಗಳದ ನಡುವೆ ದಿಣ್ಣೆಯಿರುವುದು, ನೀರಿಗೂ ನೆಲಕ್ಕೂ ಪ್ರಮಾಣ ತಪ್ಪುವುದು ಮುಂತಾದವು ಸೇರಿವೆ. ನೀರನ್ನು ಬಿಡದಿರುವ ಜೇಡಿಯ ಗುಣವೇ ಕೆರೆಗೆ ಬೇಕಾದ ಗುಣವೆಂದು ಆರುನೂರೈವತ್ತು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಮನೆಗೆ ದೋಷವಾದುದು ಕೆರೆಗೆ ಸಾಧನ. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟರೆ ಈ ಲೇಖನದ ಉಳಿದ ಭಾಗವೆಲ್ಲ ಅದರ ವ್ಯಾಖ್ಯಾನವಾಗುತ್ತದೆ.

ಕನ್ನಡ ಶಾಸನಗಳಲ್ಲಿ 'ಗದ್ದೆ ಬೆದ್ದಲು' ಎಂಬ ಜೋಡಿಯೂ ವಿಜಯನಗರಕಾಲದಲ್ಲಿ 'ನೀರಾರಂಬ ಕಾಡಾರಂಬ' ಎಂಬ ಜೋಡಿಯೂ ಮತ್ತೆ ಮತ್ತೆ ಬರುತ್ತವೆ. ಇವು ಬರಿಯ ಕಂದಾಯದ ವಿಭಾಗಗಳಲ್ಲ. ತಗ್ಗಿನ ಜೇಡಿಗೂ ಎತ್ತರದ ಕೆಮ್ಮಣ್ಣಿಗೂ ಇರುವ ಭೇದವನ್ನೇ ಹೇಳುವಂಥವು. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ರೈತರ ಬಾಯಿಂದಲೇ ಎರೆ, ಕೆಬ್ಬೆ, ಮರಳು ಎಂಬ ಮಣ್ಣಿನ ಹೆಸರುಗಳನ್ನು ಕೇಳಿ ಬರೆದುಕೊಂಡನು. ಅವನ ಗ್ರಂಥವು ೧೮೦೭ರಲ್ಲಿ ಪ್ರಕಟವಾಯಿತು.

ಹೂಳು ಸೇರುವುದೆಂಬುದನ್ನು ಅರಿತೇ ಅದನ್ನು ತೆಗೆಯುವ ವ್ಯವಸ್ಥೆಯನ್ನೂ ಮಾಡಿದ್ದರು. ಕೆರೆಯನ್ನು ಕಟ್ಟಿದವರಿಗೂ ನೋಡಿಕೊಳ್ಳುವವರಿಗೂ ಬಿಟ್ಟುಕೊಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಮುಂತಾದ ಹೆಸರುಗಳಿದ್ದವು. ಹೂಳನ್ನು ಹೊರುವ ಕೆರೆಬಂಡಿಗೂ ಅದರ ಕೋಣಗಳಿಗೂ ದತ್ತಿ ಬಿಟ್ಟ ಶಾಸನಗಳಿವೆ. ಬೇಸಗೆಯಲ್ಲಿ ಒಣಗಿದ ಅಂಗಳದಿಂದ ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಮಳೆಯು ಎತ್ತರದಿಂದ ಕದ್ದು ತಂದ ಸಾರವನ್ನು ಮನುಷ್ಯನು ಮತ್ತೆ ಎತ್ತರಕ್ಕೆ ಒಯ್ಯುವ ಕ್ರಮವಿದು. ಕುಂಬಾರನಿಗೆ ಮಡಕೆಯ ಮಣ್ಣೂ ಇಟ್ಟಿಗೆ ಸುಡುವವರಿಗೆ ಹದವಾದ ಜೇಡಿಯೂ ಇಲ್ಲಿಂದಲೇ ದೊರೆಯುತ್ತಿದ್ದವು.

ಈ ವ್ಯವಸ್ಥೆಯಲ್ಲಿ ಕುಂಟೆಯ ಸ್ಥಾನವನ್ನು ಪ್ರತ್ಯೇಕವಾಗಿ ಹೇಳಬೇಕು. ಬೆಂಗಳೂರಿನ ಕೆರೆಗಳು ಒಂದರ ಕೋಡಿಯು ಮತ್ತೊಂದರ ಒಳಹರಿವಾಗುವಂತೆ ಸರಪಳಿಯಾಗಿ ಕಟ್ಟಿದವು. ಸರಪಳಿಯ ತುದಿಯಲ್ಲಿ, ಎತ್ತರದಲ್ಲಿ, ಕುಂಟೆಗಳಿದ್ದವು. ಮೊದಲ ಮಳೆಯ ರಭಸವನ್ನೂ ದಪ್ಪ ಹೂಳನ್ನೂ ತಡೆಯುತ್ತಿದ್ದವು ಅವೇ. ಕುಂಟೆಯನ್ನು ಸಣ್ಣದೆಂದು ಮುಚ್ಚಿದರೆ ಆ ನೀರೂ ಆ ಹೂಳೂ ಕೆಳಗಿನ ಕೆರೆಗೆ ಒಂದೇ ಸಲಕ್ಕೆ ಇಳಿಯುತ್ತವೆ. ಕೆಳಗಿನವರ ಕಷ್ಟಕ್ಕೆ ಮೇಲಿನ ಕುಂಟೆಯು ಹೋದುದೂ ಕಾರಣವೆಂಬುದು ಈ ಬಗೆಯಿಂದ ಸ್ಪಷ್ಟವಾಗುತ್ತದೆ.

೫. ಅಂಗಳವು ನಿವೇಶನವಾದುದು

ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರು ಪೇಟೆಯನ್ನು ಸ್ಥಾಪಿಸಿದನೆಂಬುದು ಪ್ರಸಿದ್ಧ. ಪೇಟೆಯ ಸುತ್ತ ಇದ್ದ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಇಂದಿಲ್ಲ. ಧರ್ಮಾಂಬುಧಿಯ ಅಂಗಳ ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯಿದ್ದೆಡೆ ಕಂಠೀರವ ಕ್ರೀಡಾಂಗಣವಿದೆ. ಕೋರಮಂಗಲದ ಕೆರೆಯ ಅಂಗಳದಲ್ಲಿ ೧೯೯೭ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ವಸತಿಗೃಹಗಳು ಎದ್ದವು. ನಲ್ಲಿಯ ನೀರು ಬಂದ ಮೇಲೆ ಕೆರೆಯ ಅಗತ್ಯ ಕಡಮೆಯಾದುದು ಇದಕ್ಕೊಂದು ಕಾರಣ. ಹೆಸರಘಟ್ಟದ ಜಲಾಶಯದಿಂದ ೧೮೯೬ರಲ್ಲಿ ನಗರಕ್ಕೆ ನೀರು ಹರಿಯಿತು. ಬಾಗಲಗುಂಟೆಯ ಉತ್ತರಕ್ಕೆ ಕೆಲವೇ ಮೈಲಿಗಳಲ್ಲಿರುವ ಆ ಜಲಾಶಯವೇ, ಒಂದು ಅರ್ಥದಲ್ಲಿ, ನಗರದೊಳಗಣ ಕೆರೆಗಳ ಮರಣಶಾಸನವನ್ನು ಬರೆಯಿತು.

ವಾಯವ್ಯದ ಹಳ್ಳಿಗಳಿಗೆ ಬದಲಾವಣೆ ಬಂದುದು ಸ್ವಾತಂತ್ರ್ಯಾನಂತರ. ಜಾಲಹಳ್ಳಿಯಲ್ಲಿ ೧೯೫೩-೫೪ರ ಸುಮಾರಿಗೆ ಸರಕಾರದ ದೊಡ್ಡ ಕಾರ್ಖಾನೆಗಳು ಆರಂಭವಾದವು. ೧೯೭೦ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಸಾವಿರಾರು ಕೆಲಸಗಾರರಿಗೆ ಕಾರ್ಖಾನೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ, ಕೈಗೆಟಕುವ ಬೆಲೆಯಲ್ಲಿ ನೆಲ ಬೇಕಾಯಿತು. ೨೦೦೭ರಲ್ಲಿ ದಾಸರಹಳ್ಳಿಯ ನಗರಸಭೆಯು ಮಹಾನಗರಪಾಲಿಕೆಯಲ್ಲಿ ವಿಲೀನವಾಯಿತು. ೨೦೧೫ರಲ್ಲಿ ನಾಗಸಂದ್ರದ ವರೆಗೆ ಮೆಟ್ರೋ ರೈಲು ಬಂದಿತು. ಅಗ್ಗದ ನೆಲವು ಸಾಮಾನ್ಯವಾಗಿ ತಗ್ಗಿನ ನೆಲ. ಜೀವಮಾನದ ಉಳಿತಾಯವನ್ನು ಹಾಕಿ ಮೂವತ್ತು ನಾಲ್ವತ್ತರ ನಿವೇಶನವನ್ನು ಕೊಂಡ ಕುಟುಂಬಕ್ಕೆ ಆ ನೆಲದ ಪೂರ್ವಚರಿತ್ರೆಯನ್ನು ಹೇಳಿದವರು ಯಾರೂ ಇರುವುದಿಲ್ಲ. ಭರ್ತಿಯ ಕೆಮ್ಮಣ್ಣು ಎರಡು ಅಡಿ ಮೇಲೆ ಬಿದ್ದರೆ ಕೆರೆಯಂಗಳವೂ ಹೊಲದಂತೆಯೇ ಕಾಣುತ್ತದೆ.

ಫಲವನ್ನು ನಾವೆಲ್ಲರೂ ಕಂಡಿದ್ದೇವೆ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆಯ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ೨೦೨೪ರ ಅಕ್ಟೋಬರಿನಲ್ಲಿ ಯಲಹಂಕದ ಕೆರೆ ತುಂಬಿ ಹರಿದು ವಸತಿಸಮುಚ್ಚಯವೊಂದು ಮುಳುಗಿತು. ಅಲ್ಲಿ ಸಿರಿವಂತರೂ ಮಧ್ಯಮವರ್ಗದವರೂ ಇದ್ದುದರಿಂದ ಸುದ್ದಿಯಾಯಿತು. ಕಾರ್ಮಿಕರ ಬಡಾವಣೆಗಳಲ್ಲಿ ಮಳೆಗಾಲದ ರಾತ್ರಿ ಮನೆಯೊಳಗೆ ಮೊಣಕಾಲುದ್ದ ನೀರು ನುಗ್ಗಿ ಅಕ್ಕಿಯ ಚೀಲವೂ ಮಕ್ಕಳ ಪುಸ್ತಕಗಳೂ ನೆನೆದುಹೋಗುವುದು ಸುದ್ದಿಯಾಗದೆ ಪ್ರತಿವರ್ಷವೂ ನಡೆಯುತ್ತದೆ. ನೀರು ಇಳಿದ ಮೇಲೂ ಜೇಡಿಯ ಕೆಲಸ ಮುಗಿಯುವುದಿಲ್ಲ. ತೊಯ್ದಾಗ ಉಬ್ಬಿ ಒಣಗಿದಾಗ ಕುಗ್ಗುವ ನೆಲದ ಮೇಲೆ ಆಳವಿಲ್ಲದ ಪಾಯವು ಸಮನಾಗಿ ಕೂರುವುದಿಲ್ಲ. ಮನೆಯ ಒಂದು ಮೂಲೆ ಕೆರೆಯ ಬಾಯ ಮರಳಿನ ಮೇಲೂ ಇನ್ನೊಂದು ಮೂಲೆ ಜೇಡಿಯ ಮೇಲೂ ಇದ್ದರೆ ಗೋಡೆ ಸೀಳುತ್ತದೆ. ಮನೆಯವರು ಮೇಸ್ತ್ರಿಯನ್ನು ದೂರುತ್ತಾರೆ; ಮೇಸ್ತ್ರಿಯು ಸಿಮೆಂಟನ್ನು ದೂರುತ್ತಾನೆ. ನೆಲವನ್ನು ವಿಚಾರಿಸುವವರಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಅಮೆರಿಕದ ಒಹಾಯೋ ಪ್ರಾಂತದ ವಾಯವ್ಯದಲ್ಲಿಯೂ ಹಿಮಸರೋವರದ ಜೇಡಿಯಿಂದಾದ 'ಕರಿಯ ಜೌಗು' ಎಂಬ ವಿಶಾಲ ಪ್ರದೇಶವಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಬಸಿದು ಹೊಲ ಮಾಡಿದರಲ್ಲವೆ? ಹಾಗೆಯೇ ಇಲ್ಲಿಯೂ ಮಾಡಬಹುದಲ್ಲವೆ? ನಿಜ. ಆ ಜೇಡಿಯನ್ನೇ ಸುಟ್ಟು ಮಾಡಿದ ಕೊಳವೆಗಳನ್ನು ನೆಲದಡಿ ಹೂಳಿ, ಊರೂರಿಗೆ ಕಾಲುವೆ ತೋಡಿ ಅವರು ಸಾಧಿಸಿದರು. ಆದರೆ ಅವರು ಮೊದಲು ನೀರಿಗೆ ದಾರಿ ಮಾಡಿ ಆಮೇಲೆ ನೆಲವನ್ನು ಬಳಸಿದರು. ಇಲ್ಲಿ ಮೊದಲು ನೆಲವನ್ನು ಮಾರಿ ಆಮೇಲೆ ರಾಜಕಾಲುವೆಯನ್ನೂ ಒತ್ತರಿಸಲಾಯಿತು. ಎರಡಕ್ಕೂ ಹೋಲಿಕೆಯಿಲ್ಲ.

೬. ಹೂಳೆಂಬ ದಾಖಲೆ

ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಈ ಮಣ್ಣಿನಲ್ಲಿ ಇನ್ನೊಂದು ಆಸಕ್ತಿಯುಂಟು. ಸ್ವೀಡನ್ನಿನ ವಿದ್ವಾಂಸ ಗೆರಾರ್ಡ್ ಡ ಗೇರ್ ಹಿಮಸರೋವರಗಳ ಜೇಡಿಯಲ್ಲಿ ವರ್ಷಕ್ಕೊಂದರಂತೆ ಜೋಡಿ ಪದರಗಳಿರುವುದನ್ನು ಗುರುತಿಸಿದನು: ಬೇಸಗೆಯ ತಿಳಿಬಣ್ಣದ ಪದರ, ಚಳಿಗಾಲದ ಕಪ್ಪು ಪದರ. ಮರದ ಉಂಗುರಗಳಂತೆ ಅವನ್ನು ಎಣಿಸಿ ಹಿಮವು ಹಿಂದೆ ಸರಿದ ಕಾಲವನ್ನು ಅವನು ಲೆಕ್ಕ ಹಾಕಿದನು. ನಮ್ಮ ಕೆರೆಗಳು ಬೇಸಗೆಯಲ್ಲಿ ಒಣಗಿ ಬಿರುಕು ಬಿಡುವುದರಿಂದಲೂ ದನಗಳ ತುಳಿತದಿಂದಲೂ ಗಾಡಿಗಳಿಂದಲೂ ಅಷ್ಟು ಸ್ಪಷ್ಟವಾದ ಪದರಗಳನ್ನು ಇಲ್ಲಿ ನಿರೀಕ್ಷಿಸುವಂತಿಲ್ಲ. ಆದರೂ ಕೆರೆಯ ಆಳದಲ್ಲಿ ಕದಡದೆ ಉಳಿದ ಹೂಳಿನಲ್ಲಿ ಪರಾಗಕಣಗಳು, ಇದ್ದಿಲು, ಮಡಕೆಯ ಚೂರುಗಳು ಇರುವುದುಂಟು. ಸುತ್ತ ಕಾಡಿತ್ತೆ, ರಾಗಿಯ ಹೊಲವಿತ್ತೆ, ಯಾವಾಗ ಹೆಚ್ಚು ಮಣ್ಣು ಕೊಚ್ಚಿಬಂದಿತು ಎಂಬುದನ್ನು ಅವು ಹೇಳಬಲ್ಲವು. ಶಾಸನವಿಲ್ಲದ ಕುಂಟೆಗೆ ಅದರ ಹೂಳೇ ಶಾಸನ.

ಈಗ ಕೆರೆಗಳ ಪುನರುಜ್ಜೀವನವೆಂದು ಯಂತ್ರಗಳಿಂದ ಹೂಳೆತ್ತುವ ಕೆಲಸ ನಡೆಯುತ್ತಿದೆ. ಅದು ಸ್ತುತ್ಯವಾದುದೇ. ಆದರೆ ಹಿಂದಿನ ರೈತನು ಮೇಲಿನ ಗೋಡನ್ನು ಮಾತ್ರ ತೆಗೆಯುತ್ತಿದ್ದನು. ಯಂತ್ರವು ಕೊಳೆತ ಕಲ್ಲು ಕಾಣುವ ವರೆಗೆ ಅಗೆಯಬಲ್ಲುದು. ತಳದ ಜೇಡಿಯನ್ನು ಸಂಪೂರ್ಣವಾಗಿ ತೆಗೆದರೆ ಅಂತರ್ಜಲಕ್ಕೆ ನೀರು ಹೆಚ್ಚು ಇಂಗಬಹುದು. ಆದರೆ ಕೆರೆಯು ಬೇಗ ಬತ್ತಬಹುದು, ಕೊಳಚೆಯ ನೀರಾಗಿದ್ದರೆ ಅದೂ ಸೋಸದೆ ಕೆಳಗಿಳಿಯಬಹುದು. ಯಾವುದು ಬೇಕೆಂಬುದನ್ನು ಆಯಾ ಕೆರೆಯನ್ನು ನೋಡಿ ನಿರ್ಣಯಿಸಬೇಕೇ ಹೊರತು ಎಲ್ಲಕ್ಕೂ ಒಂದೇ ಕ್ರಮ ಸಲ್ಲದು.

೭. ಉಪಸಂಹಾರ

ಮೇಲಣ ವಿವೇಚನೆಯಿಂದ ಮೂರು ಅಂಶಗಳು ನಿಷ್ಪನ್ನವಾಗುತ್ತವೆ. ಒಂದು: ಕೆರೆ ಬತ್ತಿತೆಂದು ಕೆರೆಯ ನೆಲದ ಸ್ವಭಾವ ಬದಲಾಗುವುದಿಲ್ಲ, ಆದುದರಿಂದ 'ಕೆರೆಯ ಸ್ವರೂಪವನ್ನು ಕಳೆದುಕೊಂಡಿದೆ' ಎಂಬ ಮಾತನ್ನು ಬಹಳ ಎಚ್ಚರದಿಂದ ಬಳಸಬೇಕು. ಎರಡು: ಮನೆ ಕಟ್ಟುವ ಮೊದಲು ಹಳೆಯ ಗ್ರಾಮನಕ್ಷೆಯನ್ನು ನೋಡುವುದು, ಹಿರಿಯರನ್ನು ವಿಚಾರಿಸುವುದು, ನಾಲ್ಕು ಅಡಿ ಗುಂಡಿ ತೋಡಿ ಮಣ್ಣಿನ ಬಣ್ಣವನ್ನು ಪರೀಕ್ಷಿಸುವುದು - ಇವು ಹೆಚ್ಚು ವೆಚ್ಚವಿಲ್ಲದೆ ಆಗುವ ಕೆಲಸಗಳು. ಮೂರು: ಹೂಳೆತ್ತುವ ಮೊದಲು ಒಂದು ಕಡೆಯಾದರೂ ತಳದ ವರೆಗೆ ಪದರಗಳ ಮಾದರಿಯನ್ನು ತೆಗೆದು ಕಾದಿರಿಸಿದರೆ ಮುಂದಿನ ಸಂಶೋಧಕರಿಗೆ ಮಹೋಪಕಾರವಾಗುತ್ತದೆ.

ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಕೆರೆ, ಕಟ್ಟೆ, ಕುಂಟೆಗಳ ಹೆಸರುಗಳನ್ನು ನಕ್ಷೆಯೊಡನೆ ಹೋಲಿಸಿ ಪಟ್ಟಿ ಮಾಡುವುದನ್ನು ಕೈಗೊಂಡರೆ ಅದು ಭಾಷಾಶಾಸ್ತ್ರಕ್ಕೂ ಚರಿತ್ರೆಗೂ ಒದಗುವುದಲ್ಲದೆ, ನಾಳೆ ಅಲ್ಲಿ ಮನೆ ಕಟ್ಟುವ ಯಾವುದೋ ಕುಟುಂಬಕ್ಕೂ ಪ್ರಯೋಜನಕಾರಿಯಾಗುವುದು. ಬಾಗಲಗುಂಟೆಗೆ ಹೆಸರಿಟ್ಟವರು ಅಲ್ಲಿ ನೀರು ನಿಲ್ಲುತ್ತದೆಂದು ಹೇಳಿಯೇ ಹೋಗಿದ್ದಾರೆ. ಆ ಮಾತನ್ನು ಓದಿ ಹೇಳುವುದು ನಮ್ಮ ಕೆಲಸ.